ಮೊಬೈಲಿನ ಮೂಲಕ ಕಲಿಕೆ: ರೈತನ ಆಸಕ್ತಿ, ಶಿಕ್ಷಕನ ಹೊಣೆ



ಇಂದು ನಿಮ್ಮಲ್ಲಿ ಅನೇಕರು ಯಾವುದಾದರೊಂದು ಕೃಷಿ ವಾಟ್ಸ್‌ಆ್ಯಪ್ ಗುಂಪಿನ ಸದಸ್ಯರಾಗಿದ್ದೀರಿ. 2020ರಲ್ಲಿ ಕೊರೋನಾ ಬಂದು ಸಭೆ ಸೇರುವುದು ನಿಂತಾಗ ಅನೇಕ ತರಬೇತಿಗಳು ಮೊಬೈಲಿನ ಪರದೆಗೆ ಬಂದವು. ಕೆಲವು ಅಲ್ಲಿಯೇ ಉಳಿದವು. ಮೊದಲನೆಯ ಪಾಠಕ್ಕೆ ಎಲ್ಲರೂ ಉತ್ಸಾಹದಿಂದ ಸೇರುತ್ತಾರೆ. ನಾಲ್ಕನೆಯ ಪಾಠದ ಹೊತ್ತಿಗೆ ಎಡೆ ಹೊಡೆಯುವ ಕೆಲಸ ಬಂದಿರುತ್ತದೆ, ಕರೆಂಟು ರಾತ್ರಿ ಪಾಳಿಗೆ ಹೋಗಿರುತ್ತದೆ, ಹಾಜರಿ ಅರ್ಧಕ್ಕಿಳಿಯುತ್ತದೆ. ಆಗ ಕಲಿಸುವವರು 'ರೈತರಿಗೆ ಆಸಕ್ತಿಯಿಲ್ಲ' ಎಂದು ಷರಾ ಬರೆದುಬಿಡುತ್ತಾರೆ. ಈ ಷರಾ ಸರಿಯಲ್ಲ. ಆಸಕ್ತಿಯೆಂಬುದು ಬಿತ್ತನೆಯ ದಿನವೇ ಪೂರ್ತಿ ಸಿಗುವ ಹದವಲ್ಲ. ಪಾಠ ನಡೆಯುವಷ್ಟು ಕಾಲವೂ ಅದನ್ನು ಕಾಯ್ದುಕೊಳ್ಳಬೇಕಾಗುತ್ತದೆ.

ಓದು ಬರಹದಲ್ಲಿ ಪಳಗಿದವರ ಕಥೆಯೂ ಬೇರೆಯಲ್ಲ. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಎಂಬ ಇಬ್ಬರು ಶಿಕ್ಷಕರು ಒಂದು ಪಾಠಕ್ರಮವನ್ನು ಅಂತರಜಾಲದಲ್ಲಿ ತೆರೆದಿಟ್ಟರು. ಶುಲ್ಕ ಕೊಟ್ಟು ಸೇರಿದ ವಿದ್ಯಾರ್ಥಿಗಳು ಸುಮಾರು 25 ಮಂದಿ. ಉಚಿತವಾಗಿ ಸೇರಿದವರು 2,000ಕ್ಕೂ ಹೆಚ್ಚು. ಜ್ಞಾನವು ಒಬ್ಬ ಗುರುವಿನ ತಲೆಯಲ್ಲಿ ಮಾತ್ರವಿಲ್ಲ, ಕಲಿಯುವವರ ನಡುವಿನ ಸಂಪರ್ಕದಲ್ಲಿಯೂ ಇದೆ ಎಂಬುದು ಅವರ ವಿಚಾರ. ಅನಂತರ ಇಂಥ ತೆರೆದ ಪಾಠಗಳು ಜಗತ್ತಿನಲ್ಲೆಲ್ಲ ಹಬ್ಬಿದವು. ಆದರೆ ಅವುಗಳನ್ನು ಕೊನೆ ಮುಟ್ಟಿಸುವವರು ಸಾಮಾನ್ಯವಾಗಿ ನೂರಕ್ಕೆ ಹತ್ತು ಮಂದಿಯೂ ಇರುವುದಿಲ್ಲ. (ಬಿಟ್ಟವರೆಲ್ಲ ಸೋತವರೆಂದೇನೂ ಅಲ್ಲ. ಕೃಷಿ ಮೇಳಕ್ಕೆ ಹೋಗಿ ತೊಗರಿ ಬೀಜವೊಂದನ್ನೇ ತಂದವನು ಮೇಳವನ್ನು ಅರ್ಧಕ್ಕೆ ಬಿಟ್ಟು ಬಂದನೆಂದು ಯಾರೂ ಹೇಳುವುದಿಲ್ಲವಷ್ಟೆ.)

ದೂರದಿಂದ ಬರುವ ಪಾಠ ನಮ್ಮ ದೇಶದ ರೈತರಿಗೆ ಹೊಸದೂ ಅಲ್ಲ. 1956ರಲ್ಲಿ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪುಣೆ ಕೇಂದ್ರದ ಮೂಲಕ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ನಡೆಸಿತು. ಪ್ರತಿ ಹಳ್ಳಿಯಲ್ಲಿ ಸುಮಾರು ಇಪ್ಪತ್ತು ಜನ ವಾರಕ್ಕೆರಡು ಸಲ ಸೇರಿ ಅರ್ಧ ಗಂಟೆಯ ಕಾರ್ಯಕ್ರಮ ಕೇಳುತ್ತಿದ್ದರು, ಬಳಿಕ ಚರ್ಚೆ ಮಾಡುತ್ತಿದ್ದರು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಪರಿಣಾಮವನ್ನು ಅಳೆದಾಗ, ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಚೆನ್ನಾಗಿ ಹೆಚ್ಚಿತ್ತು; ರೇಡಿಯೋ ಇದ್ದೂ ಕೂಟವಿಲ್ಲದಿದ್ದ ಹಳ್ಳಿಗಳಲ್ಲಿ ಹೆಚ್ಚಳ ಅತ್ಯಲ್ಪ.

ಇದೇ ಮಾತನ್ನು ನಮ್ಮ ರಾಜ್ಯದ ಒಂದು ಪ್ರಯೋಗವೂ ಹೇಳುತ್ತದೆ. 'ಡಿಜಿಟಲ್ ಗ್ರೀನ್' ಎಂಬ ಹೆಸರಿನ ಆ ಕೆಲಸ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ಸ್ಥಳೀಯ ರೈತರನ್ನೇ ವಿಡಿಯೋದಲ್ಲಿ ತೋರಿಸಿ, ಊರಿನವರೇ ಒಬ್ಬರು ಅದನ್ನು ಸಂಜೆ ಪ್ರದರ್ಶಿಸಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು ಅದರ ಕ್ರಮ. ಹದಿನಾರು ಹಳ್ಳಿಗಳಲ್ಲಿ ಹದಿಮೂರು ತಿಂಗಳು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರ ಸಂಖ್ಯೆ ಮಾಮೂಲು ವಿಸ್ತರಣಾ ಪದ್ಧತಿಗಿಂತ ಆರೇಳು ಪಟ್ಟು ಹೆಚ್ಚಿತು. ಇದು ವಿಡಿಯೋ ಒಂದರ ಕೆಲಸವಲ್ಲ. ಅದನ್ನು ನಿಲ್ಲಿಸಿ 'ಇದು ನಿನ್ನ ಹೊಲದಲ್ಲಿ ಆಗುತ್ತದೆಯೇ?' ಎಂದು ಕೇಳುವ ಮನುಷ್ಯ ಅಲ್ಲಿದ್ದ.

ಆಸಕ್ತಿ ಉಳಿಯುವುದು ಯಾವಾಗ?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೆಸಿ ಮತ್ತು ರಯಾನ್ ಇದಕ್ಕೆ ಮೂರು ಸಂಗತಿಗಳು ಬೇಕೆನ್ನುತ್ತಾರೆ: ತಾನೇ ಆರಿಸಿಕೊಂಡೆನೆಂಬ ಭಾವನೆ, ತನ್ನ ಕೈಲಾಗುತ್ತದೆಂಬ ಧೈರ್ಯ, ಜೊತೆಯವರು ತನ್ನವರೆಂಬ ನಂಟು. ಪ್ರಮಾಣಪತ್ರ, ಬಹುಮಾನಗಳು ಈ ಪಟ್ಟಿಯಲ್ಲಿಲ್ಲ. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದನ್ನೇ ಕಡಿಮೆ ಮಾಡಿದರು. ಪ್ರಮಾಣಪತ್ರದ ಆಸೆ ತೋರಿಸಿ ಹಾಜರಿ ತುಂಬಿಸುವವರು ಇದನ್ನು ಗಮನಿಸತಕ್ಕದ್ದು.

ಮೆಣಸಿನ ಗಿಡದ ಒಂದು ಉದಾಹರಣೆ

ಹೀಗೊಂದು ಸಂದರ್ಭವನ್ನು ಎಣಿಸಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಬೆಳೆದ ರೈತನೊಬ್ಬ ಮುದುಡಿದ ಎಲೆಯ ಚಿತ್ರವನ್ನು ಗುಂಪಿಗೆ ಕಳುಹಿಸಿ 'ಯಾವ ಔಷಧಿ ಹೊಡೆಯಲಿ?' ಎಂದು ಕೇಳುತ್ತಾನೆ. ಹತ್ತು ನಿಮಿಷದಲ್ಲಿ ಐದು ಔಷಧಿಗಳ ಹೆಸರು ಬರುತ್ತವೆ. ಅವುಗಳಲ್ಲಿ ಎರಡು ಅಂಗಡಿಯವರದೇ ಇರಬಹುದು. ರೈತ ಮೊದಲು ಬಂದದ್ದನ್ನು ತಂದು ಹೊಡೆಯುತ್ತಾನೆ.

ಆದರೆ ಎಲೆ ಮುಟುರಿಗೆ ಕಾರಣ ಒಂದೇ ಅಲ್ಲ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯಂಚು ಮೇಲಕ್ಕೆ ದೋಣಿಯಂತೆ ಮಡಚುತ್ತದೆ. ಮೈಟ್ ನುಸಿಯಾದರೆ ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗುತ್ತದೆ. ಬಿಳಿ ನೊಣ ಹರಡುವ ನಂಜುರೋಗವಾದರೆ ಗಿಡವೇ ಕುಗ್ಗುತ್ತದೆ. ರೋಗ ಬಂದ ಗಿಡವನ್ನು ಯಾವ ಸಿಂಪರಣೆಯೂ ಗುಣಪಡಿಸದು. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಉಪಯುಕ್ತ. ಅದನ್ನು ಬಿಟ್ಟು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಮಿತ್ರಕೀಟಗಳು ಸತ್ತು ನುಸಿ ಇನ್ನಷ್ಟು ಹೆಚ್ಚಬಹುದು. 2021–22ರಲ್ಲಿ ಹೂವಿನೊಳಗೆ ಸೇರುವ ಹೊಸ ಜಾತಿಯ ಥ್ರಿಪ್ಸ್ ಆಂಧ್ರ, ತೆಲಂಗಾಣ ಮತ್ತು ನಮ್ಮ ಮೆಣಸಿನ ಬೆಳೆಗೆ ತೀವ್ರ ಹಾನಿ ಮಾಡಿದಾಗ, ಒಂದರ ಮೇಲೊಂದು ಔಷಧಿ ಬೆರೆಸಿ ಹೊಡೆದು ಸಾಲ ಮಾಡಿಕೊಂಡವರು ಕಡಿಮೆಯಲ್ಲ. ಗುಂಪಿನ ಒಂದು ತಪ್ಪು ಉತ್ತರಕ್ಕೆ ಬೆಲೆ ತೆರುವವನು ಉತ್ತರ ಕೊಟ್ಟವನಲ್ಲ, ಕೇಳಿದವನು.

ಇಲ್ಲಿ ಶಿಕ್ಷಕನ ಕೆಲಸವೇನು? ಆರನೆಯ ಔಷಧಿಯ ಹೆಸರು ಹೇಳುವುದಲ್ಲ. 'ಎಲೆ ಮೇಲಕ್ಕೆ ಮಡಚಿದೆಯೋ ಕೆಳಕ್ಕೋ? ಬಿಳಿ ಕಾಗದದ ಮೇಲೆ ಹೂವನ್ನು ತಟ್ಟಿ ನೋಡಿದ್ದೀರಾ? ಏನು ಬಿತ್ತು?' ಎಂದು ಕೇಳುವುದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಈ ಸುಮ್ಮನಿರುವಿಕೆಯೇ ಕಷ್ಟ. ನಮ್ಮ ವಿಷಯ ತಜ್ಞರಿಗೆ ಅದರ ಅಭ್ಯಾಸ ಕಡಿಮೆ. ಗುಂಪಿನಲ್ಲೇ ಇನ್ನೊಬ್ಬ ರೈತ ತನ್ನ ಹೊಲಕ್ಕೆ ಹೋಗಿ ಹೂ ತಟ್ಟಿ ಚಿತ್ರ ಕಳುಹಿಸುತ್ತಾನೆ, ಮತ್ತೊಬ್ಬಳು ಕಳೆದ ವರ್ಷ ತನಗಾದದ್ದನ್ನು ಹೇಳುತ್ತಾಳೆ. ಆ ಮೇಲೆ ಶಿಕ್ಷಕ ಸರಿಯಾದುದನ್ನು ಸರಿ ಎನ್ನಬೇಕು. ತಪ್ಪು ಸಲಹೆಯನ್ನು ಕಾರಣ ಕೊಟ್ಟು ತಪ್ಪೆನ್ನಬೇಕು. ಹೇಳಿದವನನ್ನು ನಾಲ್ಕು ಜನರ ಮುಂದೆ ಹೀಯಾಳಿಸಬಾರದು. ಒಮ್ಮೆ ಅವಮಾನವಾದವನು ಮತ್ತೆ ಬಾಯಿ ತೆರೆಯುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಬೇಕು. ಕಳೆ, ಕೊಯ್ಲು, ಹೈನುಗಾರಿಕೆಯ ಬಹುಪಾಲು ಅವರದಾದರೂ ಅನೇಕ ಮನೆಗಳಲ್ಲಿ ಫೋನು ಗಂಡಸರ ಜೇಬಿನಲ್ಲಿರುತ್ತದೆ. ಹಾಲು ಕರೆಯುವ ಹೊತ್ತಿಗೆ ಪಾಠವಿಟ್ಟು, ಮಹಿಳೆಯರು ಬರಲಿಲ್ಲವೆಂದರೆ ಅರ್ಥವಿಲ್ಲ. ಪಾಠವನ್ನು ಐದು ನಿಮಿಷದ ಧ್ವನಿಯಲ್ಲಿಯೂ ಕಳುಹಿಸಿದರೆ ಬಿಡುವಾದಾಗ ಕೇಳಿಕೊಳ್ಳಬಹುದು.

ನೀವು ಮಾಡಬೇಕಾದುದು

ಪ್ರಶ್ನೆ ಕಳುಹಿಸುವಾಗ ಒಂದೇ ಎಲೆಯ ಚಿತ್ರ ಸಾಲದು. ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ, ದೂರದಿಂದ ಹೊಲ, ಹೀಗೆ ನಾಲ್ಕು ಚಿತ್ರಗಳನ್ನು ತೆಗೆಯಿರಿ. ತಳಿ, ನಾಟಿ ಮಾಡಿದ ದಿನ, ಹಿಂದೆ ಹೊಡೆದ ಔಷಧಿಗಳು ಮತ್ತು ಪ್ರಮಾಣವನ್ನು ತಿಳಿಸಿರಿ. ಸಲಹೆ ಕೊಟ್ಟವರು ಯಾರು, ಅವರಿಗೆ ಆ ಔಷಧಿ ಮಾರುವುದರಲ್ಲಿ ಲಾಭವಿದೆಯೇ ಎಂದು ವಿಚಾರಿಸಿರಿ. ಅನುಮಾನವಿದ್ದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡವನ್ನೇ ಒಯ್ಯಿರಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ನ 1800-180-1551 ಸಂಖ್ಯೆಗೆ ಕರೆ ಮಾಡಿರಿ. ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಹಳ್ಳಿಯಲ್ಲಿ ಐದಾರು ಮನೆಯವರು ಕಟ್ಟೆಯ ಮೇಲೆ ಕೂಡಿ ಒಂದೇ ಫೋನಿನಲ್ಲಿ ಪಾಠ ಕೇಳಿ ಚರ್ಚಿಸಿದರೆ ಇನ್ನೂ ಒಳ್ಳೆಯದು.

ಸಲಹೆಯಂತೆ ನಡೆದ ಹತ್ತು ದಿನಗಳ ಮೇಲೆ ಅದೇ ಗಿಡದ ಚಿತ್ರವನ್ನು ಮತ್ತೆ ಗುಂಪಿಗೆ ಹಾಕಿರಿ, ಗುಣವಾಗಿದ್ದರೂ ಸರಿ, ಆಗದಿದ್ದರೂ ಸರಿ. ಬಹುತೇಕ ಯಾರೂ ಇದನ್ನು ಮಾಡುವುದಿಲ್ಲ. ಹಾಗಾಗಿ ತಾನು ಹೇಳಿದ್ದು ಹೊಲದಲ್ಲಿ ಏನಾಯಿತೆಂದು ಶಿಕ್ಷಕನಿಗೂ ತಿಳಿಯುವುದಿಲ್ಲ, ಮುಂದಿನ ವರ್ಷ ಅದೇ ಪ್ರಶ್ನೆ ಕೇಳುವ ಪಕ್ಕದೂರಿನವನಿಗೂ ತಿಳಿಯುವುದಿಲ್ಲ.