ಉಗ್ರಾಣದ ಮೇಲ್ವಿಚಾರಣೆ: ನಮ್ಮ ಮಕ್ಕಳು ಕಲಿಯಬೇಕಾದ ಕಸುಬು



ಬೆಳೆ ಬೆಳೆಯುವುದು ಅರ್ಧ ಕೆಲಸ. ಬೆಳೆದದ್ದನ್ನು ಕೆಡದಂತೆ ಕಾಪಾಡಿ, ತೂಕ ತಪ್ಪದಂತೆ ಪೇಟೆಗೆ ಮುಟ್ಟಿಸುವುದು ಉಳಿದ ಅರ್ಧ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಅದಕ್ಕೂ ಒಂದು ವಿದ್ಯೆ ಬೇಕಾಗಿತ್ತು. ಇಂದು ಒಂದೇ ಸೂರಿನ ಕೆಳಗೆ ಸಾವಿರಾರು ಚೀಲಗಳು ಸೇರುತ್ತವೆ. ಆದುದರಿಂದ ವಿದ್ಯೆಯೂ ಹೆಚ್ಚು ಬೇಕು.

1956ರ ಕಾಯಿದೆಯ ಮೇರೆಗೆ 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಸ್ಥಾಪನೆಯಾದವು. ದವಸ ಇಟ್ಟ ರೈತನಿಗೆ ಉಗ್ರಾಣವು ರಸೀದಿ ಕೊಡುತ್ತದೆ. ಅದರ ಆಧಾರದ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆದು, ಸುಗ್ಗಿಯ ಇಳಿಬೆಲೆಗೆ ಮಾರದೆ ಕಾಯಬಹುದು. ಆದರೆ ರಸೀದಿಯಲ್ಲಿ ಬರೆದಷ್ಟು ಕಾಳು, ಬರೆದ ಗುಣದಲ್ಲೇ ಉಳಿದಿರಬೇಕಷ್ಟೆ? ಅದನ್ನು ನೋಡಿಕೊಳ್ಳುವವನೇ ಮೇಲ್ವಿಚಾರಕ. ಅವನು ಕಲಿಯಬೇಕಾದ ಮುಖ್ಯ ಪಾಠಗಳನ್ನು ನೀವೂ ತಿಳಿದಿರಿ.

1. ತೂಕ: ತುಂಬಿದ ಲಾರಿ 12,400 ಕಿಲೋ, ಖಾಲಿ ಲಾರಿ 4,300 ಕಿಲೋ ತೂಗಿದರೆ ಮಾಲು 8,100 ಕಿಲೋ. ಅದರಲ್ಲಿ 160 ಗೋಣಿಚೀಲಗಳಿದ್ದು, ಚೀಲಕ್ಕೆ ಅರ್ಧ ಕಿಲೋದಂತೆ 80 ಕಿಲೋ ಕಳೆದರೆ ಕಾಳು 8,020 ಕಿಲೋ. ಖಾಲಿ ಲಾರಿಯನ್ನು ಅದೇ ದಿನ ತೂಗದೆ, ಹಳೆಯ ಚೀಟಿಯ ಲೆಕ್ಕ ಹಿಡಿದರೆ ಯಾರಿಗಾದರೂ ಒಬ್ಬರಿಗೆ ನಷ್ಟ ತಪ್ಪದು.

2. ತೇವ: ಶೇಕಡ 20 ತೇವವಿರುವ 100 ಕ್ವಿಂಟಲ್ ಭತ್ತದಲ್ಲಿ 20 ಕ್ವಿಂಟಲ್ ನೀರು, 80 ಕ್ವಿಂಟಲ್ ಒಣ ಕಾಳು. ತೇವ ಶೇಕಡ 14ಕ್ಕೆ ಇಳಿದಾಗ ಆ 80 ಕ್ವಿಂಟಲೇ ಒಟ್ಟು ತೂಕದ ಶೇಕಡ 86 ಆಗುತ್ತದೆ. ಒಟ್ಟು ತೂಕ ಸುಮಾರು 93 ಕ್ವಿಂಟಲ್. ಏಳು ಕ್ವಿಂಟಲ್ ಕದ್ದವರು ಯಾರೂ ಇಲ್ಲ. ಅದು ಆವಿಯಾಗಿ ಹೋದ ನೀರು. ಇಡುವಾಗ ತೇವವನ್ನು ಅಳೆದು ಬರೆಯದಿದ್ದರೆ ರೈತನು ಉಗ್ರಾಣದವನನ್ನು ಕಳ್ಳನೆನ್ನುತ್ತಾನೆ. ನಿಜವಾಗಿ ಕದ್ದವನೂ ಒಣಗಿತೆಂದು ಹೇಳಿ ಪಾರಾಗುತ್ತಾನೆ. ಹಸಿ ಕಾಳು ಕಾವೇರಿ ಬೂಷ್ಟು ಹಿಡಿಯುವುದೂ ಉಂಟು. ಭತ್ತವನ್ನು ಶೇಕಡ 14ಕ್ಕಿಂತ ಹೆಚ್ಚು ತೇವವಿಲ್ಲದಂತೆ ಕಣದಲ್ಲೇ ಒಣಗಿಸಿ ತರುವುದು ಲೇಸು.

3. ಅಟ್ಟಿ: ಚೀಲಗಳನ್ನು ಬರಿನೆಲದ ಮೇಲೆ ಒಟ್ಟಬಾರದು, ಮರದ ಚೌಕಟ್ಟಿನ ಮೇಲೆ ಒಟ್ಟಬೇಕು. ಗೋಡೆಗೂ ಅಟ್ಟಿಗೂ ನಡುವೆ ಆಳು ಓಡಾಡುವಷ್ಟು ಜಾಗ ಬಿಡಬೇಕು. ಮೊದಲು ಬಂದ ಮಾಲು ಮೊದಲು ಹೋಗಬೇಕು. ಹುಳು ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಮನುಷ್ಯರನ್ನೂ ಕೊಲ್ಲುವ ವಿಷಾನಿಲ ಹೊರಡುತ್ತದೆ. ಅದು ತಕ್ಕ ತರಬೇತಿ ಪಡೆದವರ ಕೆಲಸ. ಮನೆಯಲ್ಲಿ ಎಂದಿಗೂ ಬಳಸಬೇಡಿರಿ.

4. ಸಾಗಣೆ: ಲಾರಿಯ ಪರವಾನಗಿಗೆ ಮೀರಿ ಹೇರಬಾರದು. 2019ರ ತಿದ್ದುಪಡಿಯಲ್ಲಿ ಇದಕ್ಕೆ 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಗೊತ್ತುಪಡಿಸಲಾಯಿತು. ದಂಡಕ್ಕಿಂತ ದೊಡ್ಡದು ಚಾಲಕನ ಪ್ರಾಣ.

ಇದನ್ನೆಲ್ಲ ಪುಸ್ತಕದಿಂದ ಮಾತ್ರ ಕಲಿಯಲಾಗದು. ಕೈಯಲ್ಲಿ ಕೆಲಸ ಮಾಡುತ್ತ ಕಲಿಯಲೆಂದೇ 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಆಯಿತು. ಮೊದಲು ಇದು ಹೆಚ್ಚಾಗಿ ಕಾರ್ಖಾನೆಯ ಕಸುಬುಗಳಿಗೆ ಬಳಕೆಯಾಗುತ್ತಿತ್ತು. 2014ರ ತಿದ್ದುಪಡಿಯ ನಂತರ ಉಗ್ರಾಣ, ಸಾಗಣೆ ಮುಂತಾದ ಕೆಲಸಗಳಿಗೂ ದಾರಿ ಅಗಲವಾಯಿತು. ಮಗನಾಗಲಿ ಮಗಳಾಗಲಿ, ಓದು ಮುಗಿಸಿ ಮನೆಯಲ್ಲಿದ್ದರೆ ಈ ದಾರಿಯನ್ನು ವಿಚಾರಿಸಿರಿ. ಹತ್ತಿರದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಕೇಳಬಹುದು.

ಸೇರುವ ಮೊದಲು ಕೆಲವು ಮಾತು ನೆನಪಿರಲಿ. ಕೆಲಸ ಕೊಡುವವರೊಡನೆ ಬರೆಹದ ಒಪ್ಪಂದ ಆಗಬೇಕು. ಹುಡುಗ ಅಪ್ರಾಪ್ತನಾದರೆ ತಂದೆ ಅಥವಾ ಪೋಷಕರು ಸಹಿ ಮಾಡಬೇಕು. ಕಲಿಯುವವನಿಗೆ ತಿಂಗಳು ತಿಂಗಳು ಭತ್ಯೆ ಸಲ್ಲಬೇಕು. ತರಬೇತಿ ಕೊಡಿಸುತ್ತೇನೆಂದು ಹಣ ಕೇಳುವ ದಲ್ಲಾಳಿಯನ್ನು ನಂಬಬೇಡಿರಿ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕೆಲಸ ಕೊಟ್ಟವರದು. ತರಬೇತಿ ಮುಗಿದೊಡನೆ ನೌಕರಿ ಕೊಡಲೇಬೇಕೆಂಬ ನಿಯಮವಿಲ್ಲ. ಆ ಆಸೆಯಿಂದ ಸಾಲ ಮಾಡಬೇಡಿರಿ. ಆದರೆ ಕಲಿತ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು. ಊರಿನ ಸಹಕಾರ ಸಂಘದ ಗೋದಾಮಿಗೂ ಲೆಕ್ಕ ಬಲ್ಲ ಕೈ ಬೇಕೇ ಬೇಕು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮೂರಿನ ಗೋದಾಮಿನಲ್ಲಿ ಕಾಳಿನ ತೇವವನ್ನು ಅಳೆದು ಬರೆಯುತ್ತಾರೆಯೇ?
2. ಶೇಕಡ 18 ತೇವದ 50 ಕ್ವಿಂಟಲ್ ಭತ್ತ ಶೇಕಡ 14ಕ್ಕೆ ಒಣಗಿದರೆ ಎಷ್ಟು ಉಳಿಯುತ್ತದೆ? (ಉತ್ತರ: ಸುಮಾರು 47 ಕ್ವಿಂಟಲ್ 67 ಕಿಲೋ)
3. ನಿಮ್ಮೂರಿನಲ್ಲಿ ಈ ಕಸುಬು ಕಲಿಯಬಲ್ಲ ಯುವಕ ಯುವತಿಯರು ಯಾರಿದ್ದಾರೆ?