ಬದಲಿ ಬ್ಯಾಟರಿ: ಬೆಲೆಯಷ್ಟೇ ಅಲ್ಲ, ವೆಚ್ಚವನ್ನೂ ನೋಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮರಗೆಲಸದ ಘಟಕಗಳಲ್ಲಿ ಕಾರ್ಡ್‌ಲೆಸ್ ಡ್ರಿಲ್ಲಿನ ಬ್ಯಾಟರಿ ಸೋತಾಗ ಏಳುವ ಪ್ರಶ್ನೆ ಒಂದೇ: ಮೂಲ ಕಂಪನಿಯದನ್ನೇ ಕೊಳ್ಳಬೇಕೆ, ಅಗ್ಗದ ಇತರ ತಯಾರಿಕೆ ಸಾಕೆ?

ಲೆಕ್ಕಕ್ಕಾಗಿ ಹೀಗೆ ಭಾವಿಸೋಣ. ತೆರಿಗೆ ಹೊರತು ಮೂಲ ಬ್ಯಾಟರಿಯ ಬೆಲೆ ರೂ. 5,000, ಬಾಳಿಕೆ 500 ಚಾರ್ಜು. ಇನ್ನೊಂದರ ಬೆಲೆ ರೂ. 2,000, ಬಾಳಿಕೆ 150 ಚಾರ್ಜು. ಚಾರ್ಜೊಂದಕ್ಕೆ ವೆಚ್ಚ ಕ್ರಮವಾಗಿ ರೂ. 10 ಮತ್ತು ರೂ. 13.33. ಅಗ್ಗದ್ದೇ ದುಬಾರಿಯಾಯಿತು! ಆದರೆ ತಿಂಗಳಿಗೆರಡು ಬಾರಿ ಮಾತ್ರ ಬಳಸುವವರಿಗೆ ಈ ಲೆಕ್ಕ ತಿರುಗುತ್ತದೆ. ಲಿಥಿಯಂ ಬ್ಯಾಟರಿ ಬಳಸದಿದ್ದರೂ ವರ್ಷಗಳುರುಳಿದಂತೆ ಕ್ಷೀಣಿಸುತ್ತದೆ.

ಲಿಥಿಯಂ-ಅಯಾನ್ ಬ್ಯಾಟರಿಗೆ ಜಿ.ಎಸ್.ಟಿ. ಶೇ. 18. ವ್ಯವಹಾರಕ್ಕಾಗಿ ಕೊಂಡ ನೋಂದಾಯಿತ ವರ್ತಕರು ಕ್ರಮಬದ್ಧ ಬಿಲ್ಲಿನ ಮೇಲೆ, ಮೇಲಿನ ಉದಾಹರಣೆಯಲ್ಲಿ, ರೂ. 900 ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದ ಖರೀದಿಯಲ್ಲಿ ಜಮೆಯೂ ಇಲ್ಲ, ಖಾತರಿ ಕೇಳಲು ಆಧಾರವೂ ಇಲ್ಲ.

ಇತರ ತಯಾರಿಕೆಯನ್ನೇ ಕೊಳ್ಳುವವರು ಐ.ಎಸ್. 16046 ಗುರುತು ಹಾಗೂ ‘ಆರ್’ ಅಕ್ಷರದಿಂದಾರಂಭವಾಗುವ ನೋಂದಣಿ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು. 18 ವೋಲ್ಟ್ ಬ್ಯಾಟರಿಯಲ್ಲಿ 3.6 ವೋಲ್ಟಿನ ಐದು ಕೋಶಗಳು ಸಾಲಾಗಿರುತ್ತವೆ. ಹೆಚ್ಚು ಸಾಮರ್ಥ್ಯಕ್ಕೆ ಇಂಥ ಎರಡು ಸಾಲು. ಸಾಮರ್ಥ್ಯ ಒಂದೇ ಎಂದು ಬರೆದಿದ್ದರೂ ತೂಕ ತೀರ ಕಡಿಮೆಯಿದ್ದರೆ ಸಂಶಯಿಸಬೇಕು. ಅತಿಚಾರ್ಜು ತಡೆಯುವ ಮಂಡಲವಿಲ್ಲದ ಬ್ಯಾಟರಿ, ಮರದ ಪುಡಿ ತುಂಬಿದ ಅಂಗಡಿಯಲ್ಲಿ ಬೆಂಕಿಗೆ ಆಹ್ವಾನ.

ದಿನನಿತ್ಯದ ದುಡಿಮೆಗೆ ಮೂಲ ಬ್ಯಾಟರಿ. ಅಪರೂಪದ ಬಳಕೆಗೆ ಬಿಲ್ಲು, ಗುರುತು ಎರಡೂ ಇರುವ ಇತರ ತಯಾರಿಕೆ. ಇದೇ ವಿವೇಕದ ಹಾದಿ.