ಬೂತಾಯಿ ಕಚ್ಚಿ ಬಿಟ್ಟುಹೋಗುವ ಬೆಕ್ಕು

ಪುತ್ತಿಗೆಯ ಅಕ್ಕನವರೇ, ಬೂತಾಯಿ ಮೀನಿನ ವಾಸನೆಗೆ ಓಡಿಬಂದು, ಒಂದು ತುಂಡು ಕಚ್ಚಿ, ಚೀರಿ ಬಿಟ್ಟುಹೋಗುವ ಬೆಕ್ಕಿಗೆ ಹಸಿವಿದೆ, ಬಾಯಿ ನೋಯುತ್ತಿದೆ. ನೀವು ಬರೆದ ಜೊಲ್ಲು, ದುರ್ವಾಸನೆ, ತಲೆ ಓರೆಮಾಡಿ ಅಗಿಯುವುದು ಎಲ್ಲವೂ ಅದನ್ನೇ ಹೇಳುತ್ತವೆ. ‘ಪುಚ್ಚೆಗೆ ಪ್ರಾಯವಾಯಿತು’ ಎನ್ನುವ ನಿಮ್ಮ ಅತ್ತೆಯವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಹಗಲು ಬೆಳಕಿನಲ್ಲಿ ತುಟಿಯನ್ನಷ್ಟೇ ಮೆಲ್ಲನೆ ಎತ್ತಿ ನೋಡಿ. ಬಾಯಿ ಅಗಲಿಸಲು ಹೋದರೆ ಕಚ್ಚೀತು. ವಸಡಿನ ಅಂಚು ಕೆಂಪಗಿದ್ದರೆ ಉರಿಯೂತ. ಬುಡದಲ್ಲಿ ವಸಡು ಹಲ್ಲಿನ ಮೇಲೇರಿ ಕೂತಂತೆ ಕೆಂಪು ಚುಕ್ಕೆ ಕಂಡರೆ ಹಲ್ಲೇ ಕರಗುತ್ತಿರಬಹುದು. ಇದು ನಮ್ಮ ಹುಳುಕಿನಂತಲ್ಲ. ಬೆಕ್ಕಿನ ದೇಹವೇ ತನ್ನ ಹಲ್ಲನ್ನು ತಿಂದುಹಾಕುತ್ತದೆ. ತುಂಬಿಸಿ ಪ್ರಯೋಜನವಿಲ್ಲ, ಸಾಮಾನ್ಯವಾಗಿ ಕೀಳಬೇಕಾಗುತ್ತದೆ. ಬೇರಿನ ಸ್ಥಿತಿ ಎಕ್ಸ್‌ರೇಯಲ್ಲೇ ತಿಳಿಯುವುದರಿಂದ ಅರಿವಳಿಕೆ ಕೊಟ್ಟೇ ಚಿಕಿತ್ಸೆ. ಇರುವ 30 ಹಲ್ಲುಗಳಲ್ಲಿ ಹಲವು ಹೋದರೂ ಬೆಕ್ಕು ಮೆತ್ತಗಿನ ಅನ್ನ-ಮೀನು ಸುಖವಾಗಿ ತಿನ್ನುತ್ತದೆ.

ಲವಂಗದೆಣ್ಣೆ ಹಚ್ಚಿದಿರಾ? ಇಂದೇ ನಿಲ್ಲಿಸಿ, ಬೆಕ್ಕಿಗೆ ಅದು ವಿಷ. ಪ್ಯಾರಾಸಿಟಮಾಲ್ ಅಂತೂ ಚೂರೂ ಬೇಡ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಒಂದು ಮಾತ್ರೆ ಜೀವ ತೆಗೆಯಬಲ್ಲದು. ನಮ್ಮ ಟೂತ್‌ಪೇಸ್ಟೂ ಬೇಡ.

ಕಾಸರಗೋಡಿಗೋ ಮಂಗಳೂರಿಗೋ ಹೊರಡುವ ಮುನ್ನ ಪಶುವೈದ್ಯರಿಗೆ ಫೋನ್ ಮಾಡಿ, ಬೆಕ್ಕಿನ ಹಲ್ಲಿನ ಎಕ್ಸ್‌ರೇ ಸೌಲಭ್ಯ ಇದೆಯೇ ಎಂದು ಕೇಳಿ. ಅಲ್ಲಿಯವರೆಗೆ ಮುಳ್ಳು ತೆಗೆದ ಮೀನನ್ನು ಅನ್ನದೊಂದಿಗೆ ಕಿವುಚಿ, ಉಗುರುಬೆಚ್ಚಗೆ ಕೊಡಿ. ಒಂದು ದಿನವಿಡೀ ಏನೂ ತಿನ್ನದಿದ್ದರೆ ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ಬೇಗ ತುಂಬಿಕೊಳ್ಳುತ್ತದೆ.